ಇಳಿಯುವ ಕಬ್ಬಿಣಕ್ಕೆ ನೆನಪು ಬೇಡ

ತಗಡು ಒತ್ತುವ ಪ್ರೆಸ್ಸಿನ ಎಣ್ಣೆಯ ಪೈಪು ಒಡೆದು ಅತಿಥಿಗಳ ಬಿಳಿ ಅಂಗಿಗಳ ಮೇಲೆಲ್ಲ ಚಿಮ್ಮಬಹುದಿತ್ತು. ಪೀಣ್ಯದಿಂದ ವೈಟ್‌ಫೀಲ್ಡಿನವರೆಗೆ ಲಾರಿಯಲ್ಲಿ ಕುಲುಕಿಕೊಂಡು ಬಂದ ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಯಾವುದಾದರೂ ತಂತಿ ಸಡಿಲವಾಗಿರಬಹುದಿತ್ತು. ಪ್ರೋಗ್ರಾಮು ತುಂಬಿದ್ದ ಚಿಪ್ಪಿನ ನೆತ್ತಿಯ ಮೇಲೆ ಪುಟ್ಟದೊಂದು ಗಾಜಿನ ಕಿಟಕಿ ಇತ್ತು. ಅದರೊಳಗೆ ಬಿಸಿಲು ಬಿದ್ದರೆ ಪ್ರೋಗ್ರಾಮು ಅಳಿಸಿಹೋಗುತ್ತದೆಂದು ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೆವು. ಆ ಬೊಟ್ಟು ಉದುರಿಹೋಗಿರಬಹುದಿತ್ತು. ಬೊಟ್ಟು ಉದುರದಿದ್ದರೂ ಒಂದು ಹಲ್ಲಿ ಪ್ಯಾನೆಲ್ಲಿನೊಳಗೆ ನುಗ್ಗಿ ತಾನೂ ಸತ್ತು ನಮ್ಮ ಮಾನವನ್ನೂ ಸಾಯಿಸಬಹುದಿತ್ತು. ಪುರೋಹಿತರು ಬರದೇ ಹೋಗಬಹುದಿತ್ತು, ಅಥವಾ ಬಂದು ತೆಂಗಿನಕಾಯನ್ನು ಪ್ಯಾನೆಲ್ಲಿನ ಮೂಲೆಗೇ ಕುಕ್ಕಿ ಒಡೆಯಬಹುದಿತ್ತು. ನಾನು ಪ್ರೋಗ್ರಾಮಿನಲ್ಲಿ ಎಲ್ಲೋ ಸೊನ್ನೆಯ ಬದಲು ಒಂದು ಎಂದು ಒತ್ತಿರಬಹುದಿತ್ತು. ಅದರಿಂದ ಇಳಿಯಬಾರದ ಹೊತ್ತಿನಲ್ಲಿ ಪ್ರೆಸ್ಸು ಇಳಿದು, ಅದರಡಿಯಲ್ಲಿ ಒಂದು ಕೈ...

ಈ ಕೊನೆಯದನ್ನು ನಾನು ಆಗಲೂ ಪೂರ್ತಿ ಯೋಚಿಸಲಿಲ್ಲ, ಈಗಲೂ ಯೋಚಿಸುವುದಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆಯ ಈ ಭಯಗಳೆಲ್ಲ ಕಳೆದ ಭಾನುವಾರ ದಾಸರಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಒಟ್ಟಿಗೇ ಬಂದು ನಿಂತವು. ಒಬ್ಬಾಕೆ ಏನೋ ದ್ರಾವಣ ಚಿಮುಕಿಸಿ ಗಾಜು ಒರೆಸುತ್ತಿದ್ದರು. ಮೂಗಿಗೆ ಅಮೋನಿಯಾ ಹೊಡೆಯಿತು, ಕಣ್ಣಲ್ಲಿ ನೀರಾಡಿತು. ನೋಡಿದವರು ಅಳುತ್ತಿದ್ದಾನೆ ಎಂದುಕೊಂಡರೇನೋ. ಅದಿನ್ನೂ ಅಳು ಆಗಿರಲಿಲ್ಲ. ಅದು ನಕ್ಷೆಯ ವಾಸನೆ. ನಮ್ಮ ಕಾಲದಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದ ನಕ್ಷೆಯನ್ನು ಒಂದು ಪೆಟ್ಟಿಗೆಯಂಥ ಯಂತ್ರಕ್ಕೆ ಉಣಿಸಿದರೆ, ಅಮೋನಿಯಾದ ಆವಿಯಲ್ಲಿ ಬೆಂದು ನೀಲಿ ಗೆರೆಗಳ ಪ್ರತಿ ಹೊರಬರುತ್ತಿತ್ತು. ಆ ಕೋಣೆಯಲ್ಲಿ ಕಣ್ಣೀರು ಹಾಕದೆ ನಿಂತವರು ಒಬ್ಬರೇ. ನಮ್ಮ ಮೇಡಂ.

ಅವರ ಮನೆಗೇ ಹೊರಟಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತ್ತು. ಅಂದು ವೈಕುಂಠ ಸಮಾರಾಧನೆ.

ಮೇಡಂಗೆ ಹೆಸರಿತ್ತು, ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಪೀಣ್ಯದ ನಮ್ಮ ಸಣ್ಣ ಕಾರ್ಖಾನೆಯಲ್ಲಿ, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಎಂ.ಡಿ. ಕೂಡ ಮೇಡಂ ಎಂದೇ ಕರೆಯುತ್ತಿದ್ದರು. ಗಂಡ ಸರಕಾರಿ ಕಾರ್ಖಾನೆಯ ಷಿಫ್ಟ್ ಬಸ್ಸು ಹತ್ತಿದ ಮೇಲೆ ಇವರು ಬೆನ್ನಿಗೆ ನಕ್ಷೆಯ ಕೊಳವೆ ಕಟ್ಟಿಕೊಂಡು, ಬತ್ತಳಿಕೆ ಹೊತ್ತವರಂತೆ, ದಾಸರಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ನಯವಾಗಿ ಮಾತಾಡಲು ಅವರಿಗೆ ಬರುತ್ತಿರಲಿಲ್ಲ. ಬರುತ್ತಿದ್ದರೂ ನಮ್ಮ ಮೇಲೆ ಖರ್ಚು ಮಾಡುತ್ತಿರಲಿಲ್ಲ. ತಮ್ಮ ಅಕ್ಷರದ ಬಗ್ಗೆ ಅಸಾಧ್ಯ ಜಂಬ. ಅವರ ಇಂಕ್ ಪೆನ್ನನ್ನು ಮುಟ್ಟಿದವನು ಆ ವಾರವೆಲ್ಲ ಪೆನ್ಸಿಲ್ ಚೂಪು ಮಾಡಬೇಕಾಗುತ್ತಿತ್ತು. ನಾನು ಕಾಲೇಜಿನಿಂದ ನೇರ ಬಂದು ಅವರ ಕೈಕೆಳಗೆ ಬಿದ್ದವನು. ಅವರು ನಕ್ಷೆ ಬರೆಯುವುದು, ನಾನು ಅದನ್ನು ಪ್ರೋಗ್ರಾಮಾಗಿ ಒತ್ತುವುದು, ಮಿಕ್ಕ ಹೊತ್ತು ಹೆದರಿಕೊಂಡು ಕೂರುವುದು. ಹೀಗೆ ಕೆಲಸ ಹಂಚಿಕೊಂಡಿದ್ದೆವು.

ಆ ವರ್ಷ ನಮಗೆ ವೈಟ್‌ಫೀಲ್ಡ್ ಕಡೆಯ ಪಾತ್ರೆ ಕಾರ್ಖಾನೆಯೊಂದರಿಂದ ಕೆಲಸ ಬಂತು. ತಗಡನ್ನು ಒತ್ತಿ ಕುಕ್ಕರಿನ ಮೈ ಮಾಡುವ ದೊಡ್ಡ ಪ್ರೆಸ್ಸು. ಅಲ್ಲಿಯವರೆಗೆ ಅಂಥ ಪ್ರೆಸ್ಸುಗಳನ್ನು ನಡೆಸುತ್ತಿದ್ದದ್ದು ಟಕಟಕ ಎನ್ನುವ ರಿಲೇ ಸ್ವಿಚ್ಚುಗಳು. ಇದನ್ನು ಮಾತ್ರ ಕಂಪ್ಯೂಟರ್ ಚಿಪ್ಪಿನಿಂದ ನಡೆಸಬೇಕು. ಪ್ರೆಸ್ಸು ಯಾವಾಗ ನಿಂತಿರಬೇಕು, ಯಾವಾಗ ಇಳಿಯಬೇಕು, ಇಳಿಯುವಾಗ ಬಾಗಿಲು ತೆಗೆದರೆ ಏನು, ಎಣ್ಣೆ ಬಿಸಿಯಾದರೆ ಏನು, ಗುಂಡಿ ಎರಡು ಸಲ ಒತ್ತಿದರೆ ಏನು... ಮೊದಲು ನಾವು ಎಲ್ಲರಂತೆ ವೃತ್ತ ಮತ್ತು ಬಾಣಗಳಲ್ಲಿ ಬರೆದೆವು. ಒಂದೊಂದು ಸ್ಥಿತಿಗೆ ಒಂದು ವೃತ್ತ, ಒಂದರಿಂದ ಇನ್ನೊಂದಕ್ಕೆ ಹೋಗುವ ಕಾರಣಕ್ಕೆ ಒಂದು ಬಾಣ. ವಾರದೊಳಗೆ ಹಾಳೆಯ ಮೇಲೆ ಯಾರೋ ಶ್ಯಾವಿಗೆ ಚೆಲ್ಲಿದಂತಾಯಿತು. ನಾನು ಬಾಣ ಹಿಡಿದು ಹೊರಟರೆ ಯಾವ ವೃತ್ತಕ್ಕೆ ಸೇರುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಮೇಡಂ ಎಲ್ಲಿಂದಲೋ ವಿದೇಶಿ ಪತ್ರಿಕೆಯ ಲೇಖನವೊಂದರ ಮಸುಕಾದ ಜೆರಾಕ್ಸ್ ತಂದರು. ಅದರಲ್ಲಿ ವೃತ್ತಗಳಿರಲಿಲ್ಲ. ಮೂಲೆ ದುಂಡಗಾದ ಡಬ್ಬಿಗಳು, ಡಬ್ಬಿಯೊಳಗೆ ಡಬ್ಬಿಗಳು. ಮೇಡಂ ಎರಡು ದಿನ ಅದರ ಮೇಲೆಯೇ ಬಗ್ಗಿ ಕೂತರು. ಮೂರನೆಯ ದಿನ ನಮ್ಮ ಶ್ಯಾವಿಗೆಯನ್ನೆಲ್ಲ ಒಂದೇ ಹಾಳೆಗೆ ತಂದು ಮೇಜಿನ ಮೇಲೆ ಹಾಸಿದರು.

ಎಂ.ಡಿ. ಬಗ್ಗಿ ನೋಡಿ, "ಏನ್ ಮೇಡಂ ಇದು, ಸೈಟ್ ತಗೊಂಡ್ರಾ? ಮನೆ ಪ್ಲ್ಯಾನ್ ಥರ ಇದೆ" ಎಂದರು.

"ಮನೇನೇ ಸಾರ್. ನಿಮ್ಮ ಪ್ರೆಸ್ಸು ವಾಸ ಮಾಡೋ ಮನೆಗಳು."

ಅವರು ಡಬ್ಬಿಗಳನ್ನು ಚೌಕಾಬಾರದ ಲೆಕ್ಕದಲ್ಲಿ ಮನೆ ಎಂದೇ ಕರೆದರು. ಹೆಸರುಗಳನ್ನೂ ಕನ್ನಡದಲ್ಲೇ ಬರೆದರು. ಪ್ರೆಸ್ಸು ಏನೂ ಮಾಡದೆ ನಿಂತಿರುವ ಮನೆಗೆ 'ಸುಮ್ಮನೆ'. ಆಮೇಲೆ 'ಇಳಿತ', 'ಒತ್ತು', 'ಏರು'. ಕೈಯೋ ಬಟ್ಟೆಯೋ ನಡುವೆ ಬಂದಾಗ 'ಅಡ್ಡ'. ಇವೆಲ್ಲವನ್ನೂ ಸುತ್ತಿ ಒಂದು ದೊಡ್ಡ ಡಬ್ಬಿ, ಆ ದೊಡ್ಡ ಡಬ್ಬಿಯ ಅಂಚಿನಿಂದ ಹೊರಕ್ಕೆ ಒಂದೇ ಒಂದು ಬಾಣ: 'ಕರೆಂಟು ಹೋದರೆ'. ಅದು ಹೊರಗಿನ 'ಕತ್ತಲೆ' ಎಂಬ ಮನೆಗೆ ಹೋಗುತ್ತಿತ್ತು. ಅಲ್ಲಿಂದ ಒಂದು ಬಾಣ, 'ಕರೆಂಟು ಬಂದರೆ', ನೇರ ಸುಮ್ಮನೆಗೆ.

ನಾನು ಎಂದಿನಂತೆ ಹೆದರಿ, ಒಳಗಿನ ಪ್ರತಿ ಮನೆಯಿಂದಲೂ ಕತ್ತಲೆಗೆ ಬೇರೆಬೇರೆ ಬಾಣ ಬೇಡವೇ, ಒಂದು ಮರೆತರೆ ಏನು ಗತಿ ಎಂದು ಕೇಳಿದೆ.

"ಚೌಕಾಬಾರ ಆಡಿದೀಯೇನೋ? ಕಾಯಿ ಯಾವ ಮನೇಲಾದ್ರೂ ಇರ್ಲಿ, ಕಡಿದ್ರೆ ಎಲ್ಲಿಗೆ ಹೋಗತ್ತೆ?"

"ಮೊದಲಿನ ಮನೆಗೆ."

"ಮನೆಮನೆಗೂ ಬೇರೆಬೇರೆ ಕಾನೂನು ಬರ್ಕೊಂಡಿದ್ಯಾ ಅದಕ್ಕೆ? ಇಲ್ವಲ್ಲ. ನಿನ್ನ ಭಯಗಳಿಗೂ ಅಷ್ಟೆ ಕಣೋ. ಎಲ್ಲಾ ಒಂದೇ ಕಡೆ ಹೋಗ್ತವೆ. ಒಂದು ಬಾಣ ಸಾಕು."

ಅಂದಿನಿಂದ, ಮುಖ ಬಾಡಿಸಿಕೊಂಡು ಕುಳಿತ ನನ್ನನ್ನು ಕಂಡಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಈಗ ಯಾವ ಮನೇಲಿದೀಯಪ್ಪಾ?" ನಾನು ಸುಮ್ಮನೆಯಲ್ಲಿ ಎಂದು ಸುಳ್ಳು ಹೇಳುತ್ತಿದ್ದೆ.

ಆ ವಿದೇಶಿ ನಕ್ಷೆಯಲ್ಲಿ ಇನ್ನೊಂದು ಚಿಹ್ನೆ ಇತ್ತು. ಪುಟ್ಟ ವೃತ್ತ, ಅದರೊಳಗೆ ಒಂದಕ್ಷರ. ಬಾಣ ಅದಕ್ಕೆ ಬಂದು ಮುಟ್ಟಿದರೆ, ಹಿಂದಿನ ಸಲ ಎಲ್ಲಿದ್ದೆಯೋ ಅಲ್ಲಿಗೇ ಹೋಗು ಎಂದು ಅರ್ಥ. ಮೇಡಂ ಅದರೊಳಗೆ 'ನೆ' ಎಂದು ಬರೆದರು, ನೆನಪಿನ ನೆ. ಎಣ್ಣೆ ತಣಿಸುವ ಪಂಪಿಗೆ ಮಾತ್ರ ಅದನ್ನು ಹಾಕಿದ್ದರು. ಕರೆಂಟು ಬಂದೊಡನೆ ಪಂಪು ತಾನು ಬಿಟ್ಟ ಕಡೆಯಿಂದ ಮುಂದುವರಿಯಬಹುದು, ಯಾರಿಗೂ ನಷ್ಟವಿಲ್ಲ.

ಗಲಾಟೆ ಶುರುವಾದದ್ದು ಈ ಪುಟ್ಟ ವೃತ್ತದಿಂದ.

ಪಾತ್ರೆ ಕಾರ್ಖಾನೆಯ ಮ್ಯಾನೇಜರಿಗೆ ನಮ್ಮ ನಕ್ಷೆ ಅರ್ಥವಾದದ್ದೇ ಆಪತ್ತಾಯಿತು. ಶ್ಯಾವಿಗೆಯಾಗಿದ್ದರೆ ಸುಮ್ಮನೆ ಸಹಿ ಹಾಕಿ ಹೋಗುತ್ತಿದ್ದರು. ಇದು ಚೆನ್ನಾಗಿ ಅರ್ಥವಾಗಿ, 'ಕರೆಂಟು ಬಂದರೆ' ಎಂಬ ಬಾಣದ ಮೇಲೆ ಬೆರಳಿಟ್ಟರು. ಆ ದಿನಗಳಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂದು ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಹೋದಾಗಲೆಲ್ಲ ಪ್ರೆಸ್ಸಿನಡಿ ಅರ್ಧ ಒತ್ತಿದ ತಗಡು ಉಳಿಯುತ್ತದೆ. ಪ್ರೆಸ್ಸು ಸುಮ್ಮನೆಗೆ ಹೋಗಿ ನಿಂತರೆ ಆ ತಗಡು ಗುಜರಿಗೆ. ಬದಲಿಗೆ, ಕರೆಂಟು ಬಂದೊಡನೆ ಬಿಟ್ಟಲ್ಲಿಂದಲೇ ಇಳಿದು ಕೆಲಸ ಮುಗಿಸಿದರೆ? ಪ್ರೆಸ್ಸಿಗೂ ಒಂದು 'ನೆ' ಹಾಕಿಕೊಡಿ ಎಂದರು.

ಮೇಡಂ ಆಗುವುದಿಲ್ಲ ಎಂದರು. ಎಂ.ಡಿ. ಆಗುತ್ತದೆ ಎಂದರು. ಆ ವಾರ ನಮ್ಮ ಕೋಣೆಯಲ್ಲಿ ಲವಂಗ ಕಡಿಯುವ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

"ಮೇಡಂ, ಒಂದು 'ನೆ' ಬರೆಯೋಕೆ ಎಷ್ಟು ಇಂಕು ಖರ್ಚಾಗತ್ತೆ?" ಎಂದು ಎಂ.ಡಿ. ಬಾಗಿಲಲ್ಲಿ ನಿಂತು ಕೇಳಿದರು. "ಕೈ ಅಡ್ಡ ಬಂದ್ರೆ ನಿಲ್ಸೋಕೆ ಬೆಳಕಿನ ಕಂಬ ಬೇರೆ ಇದೆಯಲ್ಲ."

ಪ್ರೆಸ್ಸಿನ ಎರಡು ಬದಿಗೆ ಎರಡು ಕಂಬಗಳಿದ್ದವು. ಒಂದರಿಂದ ಹೊರಟ ಬೆಳಕು ಇನ್ನೊಂದರ ಗಾಜಿನ ಕಣ್ಣಿಗೆ ಬೀಳಬೇಕು. ನಡುವೆ ಏನಾದರೂ ಬಂದರೆ ಪ್ರೆಸ್ಸು 'ಅಡ್ಡ' ಎಂಬ ಮನೆಗೆ ಹೋಗಿ ನಿಲ್ಲುತ್ತದೆ.

"ಕರೆಂಟ್ ಬಂದ ಮೇಲೆ ಆ ಕಂಬ ಕಣ್ಣು ಬಿಡೋಕೆ ಒಂದು ಗಳಿಗೆ ಬೇಕು ಸಾರ್," ಎಂದರು ಮೇಡಂ, ತಲೆಯೆತ್ತದೆ. "ಕಬ್ಬಿಣಕ್ಕೆ ಆ ಗಳಿಗೆ ಬೇಡ. ಎಣ್ಣೆಗೆ ನೆನಪಿರ್ಲಿ. ಇಳಿಯೋ ಕಬ್ಬಿಣಕ್ಕೆ ನೆನಪು ಬೇಡ."

"ನಾಳೆ ಆ ಮ್ಯಾನೇಜರ್ ಬರ್ತಾರೆ. 'ನೆ' ಇರೋ ನಕ್ಷೆಗೆ ಸಹಿ ಬೇಕು. ನೀವು ಹಾಕಲ್ಲ ಅಂದ್ರೆ ಬೇರೆ ಯಾರಾದ್ರೂ ಹಾಕ್ತಾರೆ." ಹೀಗೆಂದು ಎಂ.ಡಿ. ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ ಚೂಪು ಮಾಡುವುದರಲ್ಲಿ ಎಂದೂ ಇಲ್ಲದ ಆಸಕ್ತಿ ತೋರಿಸಿದೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ, ಮೆಷಿನ್ನುಗಳೆಲ್ಲ ನಿಂತಾಗ, ಮೇಡಂ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಯ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ನಕ್ಷೆಯನ್ನು ಬರೆದರು. ಒಂದೊಂದು ಮನೆ ಮನುಷ್ಯ ನಿಲ್ಲುವಷ್ಟು ದೊಡ್ಡದು. ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಅವರ ಊಟದ ಡಬ್ಬಿಯ ಮುಚ್ಚಳ. ಅದು ತಗಡು. ಮ್ಯಾನೇಜರು ಬಂದರು. ಹೊಟ್ಟೆ ಮುಂದಿಟ್ಟು ನಡೆಯುವ, ಒಳ್ಳೆಯ ಮನುಷ್ಯ ಎಂದು ಆಮೇಲೆ ತಿಳಿದ, ಆ ಹೊತ್ತಿಗೆ ಸಿಡಿಮಿಡಿಗುಟ್ಟುತ್ತಿದ್ದವರು.

"ಏನ್ರೀ ಇದು, ಕುಂಟೆಬಿಲ್ಲೇನಾ?"

"ಹೌದು ಸಾರ್. ಒಂದಾಟ ಆಡಿಬಿಡೋಣ. ಆಮೇಲೆ ನೀವು ಹೇಳಿದ ಕಡೆ ಸಹಿ ಹಾಕ್ತೀನಿ. 'ನೆ' ಕೂಡ ಬರ್ದಿದೀನಿ ನೋಡಿ."

ನಿಜವಾಗಿಯೂ ಬರೆದಿದ್ದರು. 'ಕರೆಂಟು ಬಂದರೆ' ಬಾಣ ಸುಮ್ಮನೆಗೆ ಹೋಗದೆ ಆ ಪುಟ್ಟ ವೃತ್ತಕ್ಕೆ ಹೋಗಿತ್ತು. ಎಂ.ಡಿ.ಯ ಮುಖ ಅರಳಿತು. ಮೇಡಂ ಪಾತ್ರ ಹಂಚಿದರು. ಎಂ.ಡಿ.ಯ ಕೈಗೆ ಇಟ್ಟಿಗೆಯಷ್ಟು ದಪ್ಪದ ಟೆಲಿಫೋನ್ ಡೈರೆಕ್ಟರಿ ಕೊಟ್ಟು, "ನೀವು ಕಬ್ಬಿಣ ಸಾರ್. ನಕ್ಷೇಲಿ ಬರೆದಿರೋದು ಬಿಟ್ಟು ಬೇರೇನೂ ಮಾಡಂಗಿಲ್ಲ" ಎಂದರು. ಮ್ಯಾನೇಜರಿಗೆ, "ನೀವು ಆಪರೇಟರ್." ನನಗೆ, "ನೀನು ಕರೆಂಟು. ಹೇಗೂ ಯಾವಾಗ ಇರ್ತೀಯೋ ಯಾವಾಗ ಇರಲ್ವೋ ಯಾರಿಗೂ ಗೊತ್ತಾಗಲ್ಲ." ಊಟ ಮಾಡುತ್ತಿದ್ದವರೆಲ್ಲ ಡಬ್ಬಿ ಹಿಡಿದುಕೊಂಡೇ ಸುತ್ತ ನಿಂತು ನಕ್ಕರು.

ಮೊದಲ ಸುತ್ತುಗಳು ಮಜವಾಗಿಯೇ ನಡೆದವು. ಮ್ಯಾನೇಜರು ಮುಚ್ಚಳ ಇಡುತ್ತಿದ್ದರು, "ಒತ್ತಿದೆ" ಎನ್ನುತ್ತಿದ್ದರು, ಎಂ.ಡಿ. ಮನೆಯಿಂದ ಮನೆಗೆ ಹೆಜ್ಜೆಯಿಟ್ಟು, ಇಳಿತದಲ್ಲಿ ನಿಂತು, ಡೈರೆಕ್ಟರಿಯನ್ನು ಧಪ್ಪೆಂದು ಇಳಿಸುತ್ತಿದ್ದರು. ಕಬ್ಬಿಣವಾಗಿರುವುದು ಅವರಿಗೆ ಹಿಡಿಸಿತ್ತು. ಆಮೇಲೆ ಡೈರೆಕ್ಟರಿ ಗಾಳಿಯಲ್ಲಿದ್ದಾಗ ಮೇಡಂ ನನ್ನತ್ತ ಹುಬ್ಬು ಹಾರಿಸಿದರು.

"ಹೋಯ್ತು," ಎಂದೆ.

ಎಂ.ಡಿ. ನಕ್ಷೆ ನೋಡಿಕೊಂಡು ಹೊರಗಿನ ಕತ್ತಲೆಯ ಮನೆಗೆ ಬಂದು, ಡೈರೆಕ್ಟರಿ ಎತ್ತಿ ಹಿಡಿದೇ ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬೇಡ ಎಂದು ತಲೆಯಾಡಿಸಿದರು. ಕಾದೆವು. ಯಾರೋ ಮಜ್ಜಿಗೆ ಹೀರಿದ ಸದ್ದಾಯಿತು. ಎಂ.ಡಿ.ಯ ತೋಳು ನಡುಗತೊಡಗಿತು. ಮ್ಯಾನೇಜರು ಬೇಸರದಿಂದ ಗಡಿಯಾರ ನೋಡಿಕೊಂಡರು, ಸೂರಿನತ್ತ ನೋಡಿದರು, ಮೇಜಿನತ್ತ ನೋಡಿದರು. ಹಿಂದಿನ ಹೊಡೆತಕ್ಕೆ ಮುಚ್ಚಳ ಸ್ವಲ್ಪ ಸೊಟ್ಟಗಾಗಿತ್ತು. ಅವರ ಕೈ, ಯಾರೂ ಹೇಳದೆ, ಬಹುಶಃ ಅವರಿಗೂ ಹೇಳದೆ, ಮುಂದೆ ಹೋಗಿ ಅದನ್ನು ಸರಿಪಡಿಸತೊಡಗಿತು.

ಮೇಡಂ ನನ್ನನ್ನು ನೋಡಿದರು. ಆ ಮಾತು ಹೇಳಲೇಬಾರದು ಎನ್ನಿಸಿತ್ತು. ಆದರೂ ಕರೆಂಟು ಬಾರದಿರುವುದುಂಟೆ.

"ಬಂತು."

ಎಂ.ಡಿ.ಯ ಕಣ್ಣು ನೆಲದ ಮೇಲೆಯೇ ಇತ್ತು. ಬಾಣ ಹಿಡಿದು 'ನೆ'ಗೆ ಹೋದರು, ಹಿಂದೆ ಎಲ್ಲಿದ್ದೆ ಎಂದು ನೆನೆದುಕೊಂಡರು, ಇಳಿತಕ್ಕೆ ಕಾಲಿಟ್ಟರು, ನಕ್ಷೆಗೆ ವಿಧೇಯರಾಗಿ ಎರಡೂ ಕೈಯಿಂದ ಡೈರೆಕ್ಟರಿಯನ್ನು ಇಳಿಸಿದರು. ಅದು ಮ್ಯಾನೇಜರ ಕೈಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ಮ್ಯಾನೇಜರು ಕೈಯನ್ನು ನಿಧಾನವಾಗಿ ಎಳೆದುಕೊಂಡು, ಅದು ಬೇರೆಯವರದೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಅವರು ಕೂಗಾಡುತ್ತಾರೆಂದು ನಾನು ಕಾದೆ. ಕೂಗಾಡಲಿಲ್ಲ.

"ಕರೆಂಟ್ ಹೋದಾಗ ಎಲ್ರೂ ಇದನ್ನೇ ಮಾಡ್ತಾರೆ," ಎಂದರು, ತಮ್ಮಷ್ಟಕ್ಕೆ ಎಂಬಂತೆ. "ಸಿಕ್ಕಾಕ್ಕೊಂಡಿರೋ ತಗಡು ಬಿಡ್ಸೋದು, ಅಚ್ಚು ಒರ್ಸೋದು... ಪುರುಸೊತ್ತು ಸಿಗೋದೇ ಆವಾಗ ಅಲ್ವಾ. ನಾನೇ ಎಷ್ಟೋ ಸಲ ಬೈದಿದೀನಿ, ಕರೆಂಟಿಲ್ಲ ಅಂತ ಸುಮ್ನೆ ನಿಂತ್ಕೋಬೇಡ್ರೋ ಅಂತ."

ಮೇಡಂ ಗೆದ್ದೆ ಎಂಬ ಮುಖ ಮಾಡಲಿಲ್ಲ. ಚಪ್ಪಲಿಯ ತುದಿಯಿಂದ ನೆಲದ ಮೇಲಿನ 'ನೆ'ಯನ್ನು ಉಜ್ಜಿ ಅಳಿಸಿದರು. ಬಗ್ಗಿ, ಬಾಣವನ್ನು ಮತ್ತೆ ಸುಮ್ಮನೆಗೆ ಎಳೆದರು. ಆಮೇಲೆ ಮುಚ್ಚಳ ಎತ್ತಿಕೊಂಡು ಊಟಕ್ಕೆ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನಂಥವನಿಗೆ ಸ್ವಲ್ಪ ನಿದ್ದೆ ಸಿಗುತ್ತಿತ್ತು. ಮ್ಯಾನೇಜರಿಗೆ ಮನವರಿಕೆಯಾಗಿತ್ತು, ಅವರ ಮೇಲಿನವರಿಗೆ ಆಗಿರಲಿಲ್ಲ. ಡೈರೆಕ್ಟರಿ ಬಿದ್ದದ್ದು ಅವರ ಕೈಯ ಮೇಲೆ ಅಲ್ಲವಲ್ಲ. ಪ್ರೆಸ್ಸನ್ನು ವೈಟ್‌ಫೀಲ್ಡಿನಲ್ಲಿ ನಿಲ್ಲಿಸಿ, ಅವರೆಲ್ಲರ ಎದುರು, ಇಳಿಯುತ್ತಿರುವಾಗಲೇ ನಿಜವಾಗಿ ಕರೆಂಟು ತೆಗೆದು, ಮತ್ತೆ ಕೊಟ್ಟು ತೋರಿಸಬೇಕು ಎಂದಾಯಿತು. ಪ್ರೆಸ್ಸು ಸರಿಯಾಗಿ ನಡೆಯದಿದ್ದರೆ ಮೊದಲು ಕೇಳಿದಂತೆ 'ನೆ' ಹಾಕಿದ ಪ್ರೋಗ್ರಾಮೇ ಬೇಕು ಎಂದು ಎಂ.ಡಿ.ಯಿಂದ ಮಾತು ತೆಗೆದುಕೊಂಡರು.

ಮೊಪೆಡ್ಡಿನ ಬಳಿ ಬೆನ್ನಿಗೆ ಕೊಳವೆ ಕಟ್ಟಿಕೊಳ್ಳುತ್ತ ಮೇಡಂ ನನಗೆ ಹೇಳಿದರು. "ಅಲ್ಲೇನಾದ್ರೂ ಎಡವಟ್ಟಾದ್ರೆ 'ನೆ' ವಾಪಸ್ ಬರತ್ತೆ. ಬಂದ್ರೆ ನಾನು ಕೆಲಸ ಬಿಡ್ತೀನಿ. ನನ್ನ ಸಹಿ ಅದರ ಕೆಳಗೆ ಇರಲ್ಲ."

"ನನ್ನ ಪ್ರೋಗ್ರಾಮಲ್ಲೇ ತಪ್ಪಿದ್ರೆ ಮೇಡಂ?"

"ಯಾವ ಮನೇಲಿದೀಯೋ ಈಗ?"

ಸುಳ್ಳು ಹೇಳಲೂ ಆಗಲಿಲ್ಲ.

ಆ ಬೆಳಿಗ್ಗೆ ಪುರೋಹಿತರು ಬಂದರು, ತೆಂಗಿನಕಾಯನ್ನು ನೆಲಕ್ಕೇ ಒಡೆದರು. ಹಲ್ಲಿ ಇರಲಿಲ್ಲ, ನಾನು ಟಾರ್ಚು ಹಾಕಿ ಹುಡುಕಿದ್ದೆ. ಬೊಟ್ಟು ಅಂಟಿಕೊಂಡೇ ಇತ್ತು. ಪ್ರೆಸ್ಸಿಗೆ ಅರಿಸಿನ ಕುಂಕುಮ, ಬೆಳಕಿನ ಕಂಬಗಳ ತಲೆಗೆ ಚೆಂಡುಹೂವಿನ ದಪ್ಪ ಹಾರಗಳು. ದೊಡ್ಡವರಿಗಾಗಿ ಕುರ್ಚಿಗಳು, ಕುರ್ಚಿಗಳ ಹಿಂದೆ ಎತ್ತರದ ಒಂದು ಫ್ಯಾನು. ಆಪರೇಟರು ಕಾಡುಗೋಡಿಯವರು, ನಡುವಯಸ್ಸಿನ ಗಟ್ಟಿ ಆಳು. ಅವರ ಎಡಗೈಯ ಕಿರುಬೆರಳು ಅರ್ಧಕ್ಕೆ ಮುಗಿದಿತ್ತು. ಹೇಗಾಯಿತೆಂದು ನಾನು ಕೇಳಲಿಲ್ಲ, ಹೇಳಿಬಿಟ್ಟಾರು ಎಂದು. ಮೇಡಂ ಆಪರೇಟರನ್ನು ಕರೆದು, ಕರೆಂಟು ಹೋದೊಡನೆ ಎರಡು ಹೆಜ್ಜೆ ಹಿಂದೆ ಸರಿದು ನಿಂತುಬಿಡಿ, ಏನೇ ಆದರೂ ಕೈ ಹಾಕಬೇಡಿ ಎಂದರು.

"ಆಯ್ತಕ್ಕ. ಇಂಗೆ ನಿಂತ್ಕಂಡಿರ್ತೀನಿ," ಎಂದು ಅವರು ನಿಂತೂ ತೋರಿಸಿದರು.

ಮೇನ್ ಸ್ವಿಚ್ಚು ಗೋಡೆಯಾಚೆಯ ಕೋಣೆಯಲ್ಲಿತ್ತು. ಅಲ್ಲಿನ ಎಲೆಕ್ಟ್ರಿಷಿಯನ್ನಿಗೆ ನಾವು ಕಾಣಿಸುತ್ತಿರಲಿಲ್ಲ. ಮ್ಯಾನೇಜರು ಸೀಟಿ ಊದಿದಾಗ ಕರೆಂಟು ತೆಗೆದು, ತುಸು ಹೊತ್ತು ಬಿಟ್ಟು ತಾನೇ ಹಾಕಬೇಕೆಂದು ಹೇಳಿ ಇರಿಸಿದ್ದರು.

ಆಪರೇಟರು ತಗಡಿಟ್ಟು ಎರಡೂ ಕೈಯಿಂದ ಎರಡು ಗುಂಡಿಗಳನ್ನು ಒತ್ತಿದರು. ಪ್ರೆಸ್ಸು ಇಳಿಯತೊಡಗಿತು. ಸೀಟಿ. ಎಲ್ಲ ನಿಂತಿತು. ಪ್ರೆಸ್ಸು ಅರ್ಧದಲ್ಲಿ, ಫ್ಯಾನು ನಿಧಾನವಾಗಿ ನಿಂತು, ದೀಪಗಳು ಆರಿ... ತಗಡಿನ ಸೂರಿನ ಮೇಲೆ ಒಂದು ಕಾಗೆ ನಡೆದಾಡುವುದು ಕೇಳಿಸಿತು. ಆಪರೇಟರು ಹೇಳಿದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ದೊಡ್ಡವರಲ್ಲೊಬ್ಬರು ಏನೋ ಕೇಳಿದರು, ಎಂ.ಡಿ. ಏನೋ ಹೇಳಿದರು, ನಾವೆಲ್ಲ ಆ ಕಡೆ ತಿರುಗಿದೆವು.

ಮತ್ತೆ ಈ ಕಡೆ ತಿರುಗಿದಾಗ ಆಪರೇಟರ ಕೈ ಪ್ರೆಸ್ಸಿನೊಳಗಿತ್ತು.

ತಗಡು ಒಂದು ಪಕ್ಕಕ್ಕೆ ಜಾರಿತ್ತು. ಅಷ್ಟೇ. ಅದನ್ನು ನೋಡಿಯೂ ಬಿಟ್ಟು ನಿಲ್ಲುವುದು ಅವರ ಕೈಗೆ ಗೊತ್ತಿರಲಿಲ್ಲ. ಮೊಣಕೈವರೆಗೆ ಒಳಗೆ ಹಾಕಿ, ಮುಖವನ್ನು ಓರೆ ಮಾಡಿಕೊಂಡು, ತಗಡಿನ ಅಂಚು ಹುಡುಕುತ್ತಿದ್ದರು. ಮೇಡಂ ಬಾಯಿ ತೆರೆದರು. ಆ ಹೊತ್ತಿಗೇ ಗೋಡೆಯಾಚೆ ಸ್ವಿಚ್ಚು ಬಿದ್ದ ಸದ್ದಾಯಿತು.

ದೀಪಗಳು ಹತ್ತಿಕೊಂಡವು. ಎಣ್ಣೆಯ ಪಂಪು ಗುಂಯ್ ಎಂದಿತು, ಅದಕ್ಕೆ ನೆನಪಿತ್ತು. ನಾನು ಕಣ್ಣು ಮುಚ್ಚಲಿಲ್ಲ ಎಂದು ಹೇಳಲು ಆಸೆ. ಮುಚ್ಚಿದ್ದೆ. ನಾನು ಬರೆದ ಪ್ರತಿಯೊಂದು ಸಾಲೂ ಆ ಕತ್ತಲೆಯೊಳಗೆ ಹರಿದುಹೋಯಿತು, ಎಲ್ಲ ಸಾಲುಗಳಲ್ಲೂ ತಪ್ಪಿತ್ತು.

ಏನೂ ಕೇಳಿಸಲಿಲ್ಲ. ಕಣ್ಣು ತೆರೆದೆ. ಪ್ರೆಸ್ಸು ಇದ್ದಲ್ಲೇ ಇತ್ತು. ಪ್ಯಾನೆಲ್ಲಿನ ಮೇಲೆ 'ಸುಮ್ಮನೆ' ಎಂಬ ಹೆಸರಿನ ಕೆಳಗೆ ಹಸಿರು ದೀಪ. ಆಪರೇಟರು ತಗಡು ಸರಿ ಮಾಡಿ, ಕೈಯನ್ನು ಆರಾಮಾಗಿ ಹೊರಗೆಳೆದು, ಪ್ಯಾಂಟಿಗೆ ಒರೆಸಿಕೊಂಡರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಆಗ ಕಂಡಿತು.

"ಅಯ್ಯೋ. ಕೈ ತಾನೇ ಓಯ್ತಕ್ಕ," ಎಂದರು ನಾಚಿಕೊಂಡು.

ಮೇಡಂ ಅವರ ದವಡೆ ಆಡುತ್ತಿರಲಿಲ್ಲ, ಲವಂಗ ನುಂಗಿಬಿಟ್ಟಿದ್ದರೆಂದು ಕಾಣುತ್ತದೆ. ಮ್ಯಾನೇಜರು ತಮ್ಮ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದರು. ಕುರ್ಚಿಯಲ್ಲಿದ್ದ ದೊಡ್ಡವರೊಬ್ಬರು, "ಸರಿ. ಈಗ ನಡೆಸಿ ತೋರಿಸಿ" ಎಂದರು. ದನಿ ಸ್ವಲ್ಪ ಒಡೆದಿತ್ತು.

ಆಪರೇಟರು ಎರಡೂ ಗುಂಡಿ ಒತ್ತಿದರು. ಪ್ರೆಸ್ಸು ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. ಕೆಂಪು ದೀಪ ಹತ್ತಿತು.

"ಅಡ್ಡ ಅಂತ ತೋರುಸ್ತೈತಲ್ಲಕ್ಕ. ಏನೂ ಅಡ್ಡ ಇಲ್ವಲ್ಲ."

"ಮೇಡಂ..." ಎಂದರು ಎಂ.ಡಿ., ಹಲ್ಲಿನ ನಡುವೆ. ನನ್ನ ತಲೆಯಲ್ಲಿ ಸೊನ್ನೆ ಒಂದುಗಳೆಲ್ಲ ಮತ್ತೆ ಎದ್ದವು. ಕೈ ಉಳಿದಿತ್ತು, ಸರಿ. ಆದರೆ ಪ್ರೆಸ್ಸು ನಡೆಯದಿದ್ದರೆ ನಾಳೆಯಿಂದ 'ನೆ', ನಾಳಿದ್ದು ಇನ್ನೊಂದು ಕೈ. ಮೇಡಂ ಪ್ಯಾನೆಲ್ಲಿನತ್ತ ನೋಡಲೇ ಇಲ್ಲ. ನಕ್ಷೆಯಲ್ಲಿ ಏನಿದೆಯೋ ಅದೇ ನಿಜ ಎಂಬ ನಂಬಿಕೆಯಲ್ಲಿ ನೇರ ಬೆಳಕಿನ ಕಂಬದ ಬಳಿ ಹೋದರು. ಕರೆಂಟಿನೊಂದಿಗೆ ಆ ಎತ್ತರದ ಫ್ಯಾನೂ ತಾನು ಬಿಟ್ಟ ಕಡೆಯಿಂದ ಮುಂದುವರಿದಿತ್ತು. ಫ್ಯಾನುಗಳಿಗೆಲ್ಲ ಹುಟ್ಟಿನಿಂದಲೇ 'ನೆ' ಇರುತ್ತದೆ. ಅದರ ಗಾಳಿಗೆ ಚೆಂಡುಹೂವಿನ ಹಾರ ಓಲಾಡಿ ಜಾರಿ ಬಂದು ಗಾಜಿನ ಕಣ್ಣನ್ನು ಮುಚ್ಚಿತ್ತು.

ಮೇಡಂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ದೇವರ ಹಾರವಾದ್ದರಿಂದ ಕೀಳದೆ, ತುದಿಯಿಂದ ಎತ್ತಿ ಪಕ್ಕಕ್ಕೆ ಸರಿಸಿ ಹಿಡಿದರು. "ಇವತ್ತು ಪೂಜೆ ಅಂತ ಅದಕ್ಕೆ ಯಾರೂ ಹೇಳಿಲ್ಲ," ಎಂದರು. "ಈಗ ಒತ್ತಿ."

ಪ್ರೆಸ್ಸು ಇಳಿಯಿತು. ಒತ್ತಿತು. ಏರಿತು. ಆ ಪ್ರೆಸ್ಸಿಗೆ 'ನೆ' ಕೊನೆಗೂ ಬೀಳಲಿಲ್ಲ.

ಆಮೇಲಿನದು ಎಲ್ಲರ ಕಥೆ. ನಮ್ಮ ಕಾರ್ಖಾನೆ ಕೈ ಬದಲಾಯಿತು, ನಾನು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋದೆ. ಅಲ್ಲಿ ನನ್ನ ಕೆಲಸ ಬೇರೆಯವರ ಪ್ರೋಗ್ರಾಮುಗಳಲ್ಲಿ ಏನೇನು ಕೆಡಬಹುದೆಂದು ಯೋಚಿಸುವುದು. ಚಿಂತೆ ಮಾಡುವುದಕ್ಕೂ ಸಂಬಳ ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ಇನ್ನಷ್ಟು ಅಭ್ಯಾಸ ಮಾಡಿರುತ್ತಿದ್ದೆ. ಡಬ್ಬಿಯೊಳಗಿನ ಡಬ್ಬಿಗಳು ಈಗ ಪರದೆಯ ಮೇಲೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ನೆಲದ ಮೇಲೆ ಬರೆದು, ಅದರೊಳಗೆ ಎಂ.ಡಿ.ಗಳನ್ನು ನಿಲ್ಲಿಸುವವರನ್ನು ಮಾತ್ರ ಮತ್ತೆ ಕಾಣಲಿಲ್ಲ. ಮೇಡಂ ಅವರನ್ನೂ... ದಾಸರಹಳ್ಳಿ ಎಷ್ಟು ದೂರ, ಹೋಗಬಹುದಿತ್ತು. ಮನೆ ಬದಲಾಗಿರಬಹುದು, ಗುರುತು ಹಿಡಿಯದಿರಬಹುದು, ಹಿಡಿದರೆ ಇನ್ನೂ ಕಷ್ಟ, ಯಾವ ಮನೇಲಿದೀಯಾ ಎಂದು ಕೇಳಿಬಿಡಬಹುದು. ಹೀಗೆ ವರ್ಷಗಳಾದವು. ಈಗ ಕೇಳುವವರಿಲ್ಲ.

ಭಾನುವಾರವೂ ದಾರಿಯುದ್ದಕ್ಕೂ ಯೋಚಿಸಿದೆ. ಬೀದಿ ತಪ್ಪಬಹುದು, ನನ್ನನ್ನು ಯಾರೆಂದು ಕೇಳಬಹುದು, ಮಾತು ಬಾರದೆ ಹೋಗಬಹುದು, ಎಲ್ಲರೆದುರು ಅತ್ತುಬಿಡಬಹುದು. ಒಂದೂ ಆಗಲಿಲ್ಲ. ಬೀದಿ ಸಿಕ್ಕಿತು. ಸೊಸೆ, "ಅತ್ತೆ ಜೊತೆ ಕೆಲಸ ಮಾಡ್ತಿದ್ರಾ? ಬನ್ನಿ ಸಾರ್, ಕೂತ್ಕೊಳಿ" ಎಂದು ಕುರ್ಚಿ ತೋರಿಸಿದರು. ಕೂತೆ. ಎದುರಿಗೆ ಮೇಜಿನ ಮೇಲೆ ಮೇಡಂ ಅವರ ಫೋಟೊ, ತಲೆ ನರೆತ ಮೇಲಿನದು, ದಪ್ಪ ಕನ್ನಡಕ. ಫೋಟೊಗೆ ಚೆಂಡುಹೂವಿನ ಹಾರ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಹಾರ ಓಲಾಡಿ ಓಲಾಡಿ ಜಾರಿ ಅವರ ಕಣ್ಣಿನ ಮೇಲೆ ಬಂದು ನಿಂತಿತ್ತು.

ಯಾರೂ ಅದನ್ನು ಗಮನಿಸಿರಲಿಲ್ಲ. ಎದ್ದು ಹೋದೆ. ಜೇಬಿನಿಂದ ಪೆನ್ನು ತೆಗೆದು ಹಾರದ ಅಂಚನ್ನು ಎತ್ತಿ ಪಕ್ಕಕ್ಕೆ ಸರಿಸಿದೆ, ಮತ್ತೆ ಜಾರದಂತೆ ಫೋಟೊದ ಮೂಲೆಗೆ ಸಿಕ್ಕಿಸಿದೆ. ಆಮೇಲೆ ಕುರ್ಚಿಗೆ ವಾಪಸು ಬಂದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸುಮ್ಮನೆ.